ಬಿಸಿಲೂರಿನಲ್ಲಿ ಪುಟ್ಟ ಕಾರು ಕಟ್ಟುವ ಬಗೆ

ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಮಾಳಿಗೆ ಮೇಲೆ ನಿಂತು ನನ್ನ ಮೊದಲ ಮಾಡೆಲ್ ಕಾರಿಗೆ ಹಳದಿ ಬಣ್ಣ ಹೊಡೆದೆ. ನುಣುಪಾಗಿ ಮಿಂಚಬೇಕಿದ್ದ ಬಾಡಿ ಮೇಲೆ ಯಾರೋ ರವೆ ಉದುರಿಸಿದಂತೆ ಆಗಿತ್ತು. ಸ್ಪ್ರೇ ಡಬ್ಬಿಯಿಂದ ಹೊರಟ ಬಣ್ಣ ಕಾರು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿಬಿಟ್ಟಿತ್ತು. ಕಲಬುರಗಿ ಬಿಸಿಲು ಹಾಗೆ. ಬಿಡಿಭಾಗ ಜೋಡಿಸಿ ಕಾರು ಮಾಡುವ ಕಿಟ್ ಜೊತೆ ಬರುವ ಸೂಚನೆ ಹಾಳೆಯಲ್ಲಿ ಎಲ್ಲವೂ ಇರುತ್ತದೆ, ಇದೊಂದು ಇರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಅಂಟಿಸುವ ಮಾತಿಗಿಂತ ಬಣ್ಣದ ಮಾತು ಜಾಸ್ತಿ.

ಎಷ್ಟು ಚಿಕ್ಕದು?

ಮಾಡೆಲ್ ಡಬ್ಬಿ ಮೇಲೆ 1:24, 1:43, 1:64 ಅಂತ ಬರೆದಿರುತ್ತದೆ. 1:24 ಅಂದರೆ ನಿಜವಾದ ಕಾರಿನ 24ರಲ್ಲಿ ಒಂದು ಪಾಲು ಉದ್ದ. ಹಳೇ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದವಿತ್ತು. 24ರಿಂದ ಭಾಗಿಸಿದರೆ 18 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಮಾರುತಿ 800 ಆದರೆ 14 ಸೆಂ.ಮೀ. ಅದೇ ಅಂಬಾಸಿಡರನ್ನು 1:43ರಲ್ಲಿ ಮಾಡಿದರೆ 10 ಸೆಂ.ಮೀ., 1:64ರಲ್ಲಿ ಕಿರುಬೆರಳಿನಷ್ಟು. ಮಕ್ಕಳು ಆಡುವ ಹಾಟ್ ವೀಲ್ಸ್ ಇದೆಯಲ್ಲ, 1968ರಿಂದ ಬರುತ್ತಿರುವುದು, ಅದು ಸರಿಸುಮಾರು ಈ 1:64ರ ಅಳತೆ. ಸರಿಸುಮಾರು ಅಷ್ಟೇ. ಲಾರಿಯೂ ಕಾರೂ ಒಂದೇ ಪೊಟ್ಟಣದಲ್ಲಿ ಕೂರಬೇಕಲ್ಲ, ಹಾಗಾಗಿ ಒಂದನ್ನು ಜಗ್ಗಿ ಒಂದನ್ನು ಕುಗ್ಗಿಸಿರುತ್ತಾರೆ.

ಮೊದಲ ಸಲ ಕಟ್ಟುವವರು 1:24 ತೆಗೆದುಕೊಳ್ಳಿ. ಬಿಡಿಭಾಗಗಳು ಬೆರಳಿಗೆ ಸಿಗುವಷ್ಟು ದೊಡ್ಡವು, ಕಪಾಟಿನಲ್ಲಿ ಇಡುವಷ್ಟು ಚಿಕ್ಕವು. ನಾನು ತರಿಸಿದ್ದು ಟಮಿಯಾ ಕಂಪನಿಯ 1966ರ ಫೋಕ್ಸ್‌ವ್ಯಾಗನ್ ಬೀಟಲ್. ಇದನ್ನೇ ಹೇಳಲು ಕಾರಣವಿದೆ. ಅದರ ಎಂಜಿನ್ ಹಿಂದೆ ಇರುತ್ತದೆ, ಗಾಳಿಯಲ್ಲೇ ತಣ್ಣಗಾಗುತ್ತದೆ, ರೇಡಿಯೇಟರ್ ಗಲಾಟೆಯೇ ಇಲ್ಲ. ಮೈಯೆಲ್ಲ ದುಂಡಗೆ ಇರುವುದರಿಂದ ಕೈತಪ್ಪು ಅಷ್ಟಾಗಿ ಕಾಣುವುದಿಲ್ಲ. ಒಂದು ವಿಷಯ ನೆನಪಿರಲಿ: ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಗೋಂದು, ಬಣ್ಣ ಇರುವುದಿಲ್ಲ. ಬೇರೆ ಕೊಳ್ಳಬೇಕು.

ಸಾಮಾನು

ದುಬಾರಿ ಟೂಲ್ ಸೆಟ್ ಬೇಡ. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗೆ ಹೋಗಿ. ಸಣ್ಣ ಕಟ್ಟರ್, ಚೂಪು ಚಿಮಟ ಅಲ್ಲೇ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ 400, 1000, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ, ನಂಬರ್ ಏರಿದಷ್ಟು ನುಣುಪು) ಒಂದೊಂದು ಹಾಳೆ. ಕಾರಿನ ಸಾಮಾನಿನ ಅಂಗಡಿಯಲ್ಲಿ ಬಣ್ಣ ಉಜ್ಜಿ ಮಿಂಚಿಸುವ ರಬ್ಬಿಂಗ್ ಕಾಂಪೌಂಡ್. ಮನೆಯಲ್ಲಿ ಫೆವಿಕಾಲ್, ಹಲ್ಲುಕಡ್ಡಿ, ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು ಇದ್ದೇ ಇರುತ್ತವೆ. ಹೊರಗಿನಿಂದ ತರಿಸಲೇಬೇಕಾದದ್ದು ಪ್ಲಾಸ್ಟಿಕ್ ಸಿಮೆಂಟ್ ಎಂಬ ತೆಳು ಗೋಂದು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಈ ಗೋಂದು ಅದನ್ನು ಕರಗಿಸಿ ಎರಡು ತುಂಡನ್ನು ಒಂದೇ ಮಾಡುತ್ತದೆ, ವೆಲ್ಡಿಂಗ್ ಇದ್ದ ಹಾಗೆ. ಎರಡು ಭಾಗ ಒತ್ತಿ ಹಿಡಿದು ಸಂದಿಗೆ ಬ್ರಷ್ ತಾಗಿಸಿದರೆ ಸಾಕು, ತಾನೇ ಒಳಗೆ ಹರಿಯುತ್ತದೆ. ಜಾಸ್ತಿ ಹಚ್ಚಿದರೆ ಕಾರೇ ಕರಗುತ್ತದೆ.

ತೊಳೆಯುವುದು, ಕತ್ತರಿಸುವುದು, ತಿಕ್ಕುವುದು

ಡಬ್ಬಿ ತೆರೆದ ತಕ್ಷಣ ಎಲ್ಲ ಭಾಗ ಕತ್ತರಿಸಿ ಹರವಿಕೊಳ್ಳಬೇಡಿ. ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ನಂಬರ್ ಇರುತ್ತದೆ, ಕತ್ತರಿಸಿದ ಮೇಲೆ ಯಾವುದು ಯಾವುದೆಂದು ಆ ದೇವರೇ ಹೇಳಬೇಕು. ಮೊದಲು ಚೌಕಟ್ಟು ಸಮೇತ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಭಾಗವನ್ನು ಎರಡು ಸಲ ಕತ್ತರಿಸಬೇಕು. ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಒಂದೇ ಏಟಿಗೆ ಹತ್ತಿರ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಬಂದು ಗುಳಿ ಬೀಳುತ್ತದೆ. ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ನಿಜವಾದ ಕಾರಿನಲ್ಲಿ ಆ ಗೆರೆ ಇರುವುದಿಲ್ಲ, ಆದ್ದರಿಂದ 400ರ ಪೇಪರ್‌ನಿಂದ ಶುರುಮಾಡಿ 1000ದವರೆಗೆ ನೀರು ಹಾಕಿ ತಿಕ್ಕಿ ತೆಗೆಯಿರಿ. ಬೇಸರದ ಕೆಲಸ ನಿಜ. ಸಂಜೆ ಟಿವಿ ಮುಂದೆ ಕೂತು ಮಾಡಬಹುದು. "ಇಷ್ಟ್ ದೊಡ್ಡಾಂವ ಆಗಿ ಆಟಗಿ ತಿಕ್ಕೊಂತ ಕುಂತೀಯಲ್ಲೋ" ಅಂತ ನಮ್ಮವ್ವ ಅಂದಳು. ಅನ್ನಲಿ.

ಬಣ್ಣ: ಹೊತ್ತು ನೋಡಿ ಹೊಡೆಯಿರಿ

ನನ್ನ ರವೆ ಕಾರನ್ನು ತೆಗೆದುಕೊಂಡು ಪರಿಚಯದ ಟಿಂಕರಿಂಗ್ ಗ್ಯಾರೇಜಿಗೆ ಹೋದೆ. ಪೇಂಟಿಂಗ್ ಮೇಸ್ತ್ರಿ ಅದನ್ನು ತಿರುಗಿಸಿ ನೋಡಿ ನಕ್ಕರು. "ಬಿಸಲಾಗ ಹೊಡದೀರಿ" ಅಂದರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮೊದಲ್ನೇ ಕೈ ಮಂಜಿನಂಗ ಇರಬೇಕ್ರಿ. ಎರಡ್ನೇದು ಇಬ್ಬನಿ. ಮೂರ್ನೇದು ಮಳಿ. ಮೊದಲೇ ಮಳಿ ಸುರಸಿದ್ರ ಎಲ್ಲಾ ಹರದು ಹೋಗ್ತದ."

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಲೆಕ್ಕದಲ್ಲಿ ಹೇಳಬೇಕಾದರೆ ಡಬ್ಬಿ ಬಾಡಿಯಿಂದ 20ರಿಂದ 25 ಸೆಂ.ಮೀ. ದೂರ ಇರಲಿ. ಬಣ್ಣದ ಧಾರೆ ಕಾರಿನ ಆಚೆ ಶುರುವಾಗಿ, ಕಾರನ್ನು ದಾಟಿ, ಈಚೆ ನಿಲ್ಲಬೇಕು. ಕಾರಿನ ಮೇಲೇ ಬಟನ್ ಒತ್ತಿದರೆ ಅಲ್ಲೊಂದು ತೊಟ್ಟು ಬೀಳುತ್ತದೆ. ಬಣ್ಣದ ಒಂದು ಕೈಗೂ ಇನ್ನೊಂದು ಕೈಗೂ ನಡುವೆ 10ರಿಂದ 15 ನಿಮಿಷ ಬಿಡಿ. ಮೊದಲು ಬೂದು ಪ್ರೈಮರ್ ಅನ್ನುವ ತಳಬಣ್ಣ, ಒಣಗಿದ ಮೇಲೆ ಬಣ್ಣ. ಪ್ರೈಮರ್ ಬಿದ್ದಾಗಲೇ ಎಲ್ಲೆಲ್ಲಿ ಗೀರು ಉಳಿದಿದೆ ಅನ್ನುವುದು ಗೊತ್ತಾಗುತ್ತದೆ.

ಇನ್ನು ನಮ್ಮ ಊರಿನ ಲೆಕ್ಕ. ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಯಿಂದ ಆರೂವರೆ, ಅಷ್ಟೇ ನಿಮ್ಮ ಸಮಯ. ಗಾಳಿ ಎದ್ದಿರುವುದಿಲ್ಲ, ನೆಲ ತಣ್ಣಗಿರುತ್ತದೆ. ಮಳೆಗಾಲದಲ್ಲಿ ತದ್ವಿರುದ್ಧದ ತೊಂದರೆ. ಗಾಳಿಯ ತೇವ ಬಣ್ಣದಲ್ಲಿ ಸಿಕ್ಕಿಕೊಂಡು ಬಿಳಿ ಮಸುಕು ಕಟ್ಟುತ್ತದೆ, ಬೇಗ ಒಣಗುವ ಲ್ಯಾಕರ್ ಬಣ್ಣಕ್ಕಂತೂ ಜಾಸ್ತಿ. ನವೆಂಬರ್‌ನಿಂದ ಫೆಬ್ರುವರಿ ಬಂಗಾರದ ಕಾಲ. ಬೀದರದವರಿಗೆ ಆ ತಿಂಗಳುಗಳಲ್ಲಿ ಬೆಳಗಿನ ಚಳಿ ಜೋರು. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಒರೆಸಿ, ಕುಲುಕಿ ಹೊಡೆಯಿರಿ. ಒಲೆ ಮೇಲೆ ಮಾತ್ರ ಇಡಬೇಡಿ, ಸಿಡಿಯುತ್ತದೆ. 50 ಡಿಗ್ರಿಗಿಂತ ಬಿಸಿಯಾಗಬಾರದು ಅಂತ ಡಬ್ಬಿ ಮೇಲೇ ಬರೆದಿರುತ್ತದೆ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರೊಳಗೆ, ತಗಡಿನ ಪತ್ರಾಸ್ ಕೆಳಗೆ ಅಷ್ಟು ಬಿಸಿ ಸುಮ್ನೆ ಏರುತ್ತದೆ.

ಧೂಳಿಗೆ ಮದ್ದು ನಮ್ಮ ಅಂಗಳದಲ್ಲೇ ಇದೆ. ಬಣ್ಣ ಹೊಡೆಯುವ ಅರ್ಧ ಗಂಟೆ ಮೊದಲು ನೆಲಕ್ಕೆ ನೀರು ಚಿಮುಕಿಸಿ. ಫ್ಯಾನ್ ಬಂದ್, ಕೂಲರ್ ಅಂತೂ ಬಂದ್. ಅದು ಧೂಳನ್ನೂ ತೇವವನ್ನೂ ಒಟ್ಟಿಗೇ ಊದುತ್ತದೆ. ಹೊಡೆದಾದ ತಕ್ಷಣ ಬಾಡಿ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ. ಒಣಗಿತೋ ಇಲ್ಲವೋ ಅಂತ ಬೆರಳಿಟ್ಟು ನೋಡಬೇಡಿ, ಮೂಸಿ ನೋಡಿ. ವಾಸನೆ ಬರುತ್ತಿದ್ದರೆ ಇನ್ನೂ ಹಸಿ ಇದೆ.

ಎರಡು ಎಚ್ಚರಿಕೆ. ನಿಧಾನಕ್ಕೆ ಒಣಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಮತ್ತೆ, ನಿಜವಾದ ಕಾರಿಗೆ ಹೊಡೆಯುವ ಸ್ಪ್ರೇಯ ಥಿನ್ನರ್ ಜೋರಾಗಿದ್ದರೆ ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಯಾವ ಹೊಸ ಬಣ್ಣವಾದರೂ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆದು ನೋಡಿ. ಮೂಗಿಗೆ ಮಾಸ್ಕ್ ಇರಲಿ, ಹತ್ತಿರ ಒಲೆ, ದೀಪ ಬೇಡ, ಮಕ್ಕಳನ್ನು ದೂರ ಇಡಿ.

ನನ್ನ ರವೆ ಬಾಡಿಯನ್ನು 1000ದ ಪೇಪರ್ ಹಾಕಿ ಪೂರ್ತಿ ತಿಕ್ಕಿ, ಬೆಳಗ್ಗೆ ಎದ್ದು ಮತ್ತೆ ಹೊಡೆದೆ. ಒಂದು ವಾರ ಬಿಟ್ಟೆ. ಆಮೇಲೆ 2000ದ ಪೇಪರನ್ನು ಸೋಪು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿದೆ. ಮಿಂಚು ಬಂತು. ಅಂಚುಗಳ ಮೇಲೆ ಮಾತ್ರ ಕೈ ಇನ್ನೂ ಹಗುರವಾಗಿರಬೇಕು. ಅಲ್ಲಿ ಬಣ್ಣ ತೆಳುವಾಗಿರುತ್ತದೆ, ಎರಡು ಸಲ ಜಾಸ್ತಿ ಉಜ್ಜಿದರೆ ಪ್ರೈಮರ್ ಇಣುಕುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ

ಬಣ್ಣ ಒಣಗುವ ವಾರದಲ್ಲಿ ಚಾಸಿ, ಸೀಟು, ಸ್ಟೀರಿಂಗ್ ಮಾಡಿಕೊಳ್ಳಿ. ಸೂಚನೆ ಹಾಳೆಯ ಚಿತ್ರ ನೋಡಿದರೆ ಸಾಕು. ಬಣ್ಣ ಬಿದ್ದ ಜಾಗಕ್ಕೆ ಗೋಂದು ಹತ್ತುವುದಿಲ್ಲ, ಅಂಟುವ ಕಡೆ ಬ್ಲೇಡಿನಿಂದ ಕೆರೆದುಕೊಳ್ಳಿ. ಗಾಜು ಕೂರಿಸಲು ಫೆವಿಕಾಲ್ ಬಳಸಿ, ಒಣಗಿದ ಮೇಲೆ ಕಾಣುವುದಿಲ್ಲ. ಕ್ಷಣದಲ್ಲಿ ಅಂಟುವ ಗೋಂದನ್ನು ಗಾಜಿನ ಹತ್ತಿರ ಬಿಡಲೇಬೇಡಿ. ಅದರ ಆವಿಗೆ ಗಾಜು ಹಾಲಿನಂತೆ ಮಂಕಾಗುತ್ತದೆ. ಕಿಟಕಿ ಸುತ್ತಲಿನ ಬೆಳ್ಳಿ ಪಟ್ಟಿಗೆ ಚಪಾತಿ ಸುತ್ತುವ ಫಾಯಿಲ್ ನಡೆಯುತ್ತದೆ. ತೆಳ್ಳಗೆ ಗೋಂದು ಸವರಿ, ಅಂಟಿಸಿ, ಹಲ್ಲುಕಡ್ಡಿಯಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚು ಕೊಯ್ಯಿರಿ. ಡಿಕಾಲ್ ಅಂದರೆ ನೀರಿನಲ್ಲಿ ಬಿಡಿಸಿ ಅಂಟಿಸುವ ಚಿತ್ರ. 15–20 ಸೆಕೆಂಡ್ ನೀರಿನಲ್ಲಿ ಅದ್ದಿ, ಒಂದು ನಿಮಿಷ ಹೊರಗಿಟ್ಟು, ಕಾಗದದಿಂದ ಜಾರಿಸಿ ಕೂರಿಸಿ. ಎಳೆಯಬೇಡಿ.

ಬಾಗಿಲಿನ ಗೆರೆಗಳಿಗೆ ನೀರಾಗಿಸಿದ ಕಪ್ಪು ಬಣ್ಣ ಬಿಟ್ಟು, ಮೇಲಿನದನ್ನು ಒರೆಸಿದರೆ ಗೆರೆ ಎದ್ದು ಕಾಣುತ್ತದೆ. ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರದ ಬಿದರಿ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿ ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುತ್ತವೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ನಮ್ಮದು ಅದರ ಮುಂದೆ ಮಕ್ಕಳಾಟ.

ಯಾವ ಊರಿನ ಮಣ್ಣು?

ಹೊಸ ಕಾರಿನಂತೆ ಮಿಂಚುವುದು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನನಗೆ ಓಡಿದ ಗಾಡಿ ಇಷ್ಟ. ವಿಡಿಯೊ ನೋಡಿಕೊಂಡು ಚಕ್ರಕ್ಕೆ ಕೆಂಗಂದು ಕೆಸರು ಹಚ್ಚಿದ್ದೆ. ಹಿಂದೆ ಗಾಣಗಾಪುರಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ ನಮ್ಮ ಕಾಕಾ ಬಂದವರು ನೋಡಿದರು. "ಗಾಡಿ ಎಲ್ಲಿ ಓಡ್ಯಾದ? ನಮ್ ಕಡಿ ಮಣ್ಣು ಹಿಂಗ ಇರ್ತದೇನು?" ಅಂದರು.

ಮಾತು ನಿಜ. ಭೀಮಾ ದಂಡೆ ಕಡೆ ಹೋದ ಗಾಡಿಗೆ ಎರೆಮಣ್ಣು ಮೆತ್ತಿರಬೇಕು. ಶಹಾಬಾದ್, ವಾಡಿ ಕಡೆಯಿಂದ ಬಂದದ್ದಾದರೆ ಬೂದುಬಿಳಿ ಕಲ್ಲಿನ ಪುಡಿ. ಕೆಂಪು ಬೇಕೆಂದರೆ ಬೀದರಕ್ಕೆ ಹೋಗಬೇಕು. ಹೊಲದಿಂದ ಒಂದು ಹಿಡಿ ಎರೆಮಣ್ಣು ತಂದು ಒಣಗಿಸಿ, ಕುಟ್ಟಿ, ತೆಳು ಪಂಚೆಯಲ್ಲಿ ಎರಡು ಸಲ ಸೋಸಿ. ಇಷ್ಟು ನುಣುಪು ಯಾಕೆ ಅಂದರೆ, ಒಂದು ಮಿಲಿಮೀಟರ್ ಹರಳು 1:24ರಲ್ಲಿ ಎರಡೂವರೆ ಸೆಂಟಿಮೀಟರ್ ಕಲ್ಲಿನಂತೆ ಕಾಣುತ್ತದೆ. ಆ ಪುಡಿಗೆ ನೀರು, ಒಂದು ತೊಟ್ಟು ಫೆವಿಕಾಲ್ ಕಲಸಿ ಟೈರಿಗೂ ಚಕ್ರದ ಹಿಂದಿನ ಮಡ್‌ಗಾರ್ಡಿಗೂ ತಟ್ಟಿ. ಬಿಳಿ ಧೂಳಿಗೆ ಚಾಕ್‌ಪೀಸ್ ಕೆರೆದ ಪುಡಿ ಸಾಕು. ಕಡಿಮೆ ಹಚ್ಚಿ. ಧೂಳು ತಾನಾಗಿಯೂ ಬೀಳುತ್ತದೆ, ಕಲಬುರಗಿಯಲ್ಲವೇ ಇರುವುದು.

ನೋಡುವುದಕ್ಕೂ ಒಂದು ರೀತಿಯಿದೆ

ಮೇಲಿನಿಂದ ನೋಡಿದರೆ ಎಂಥ ಮಾಡೆಲ್ ಕೂಡ ಆಟಿಕೆಯೇ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. 24ರಿಂದ ಭಾಗಿಸಿ: ಸುಮಾರು 6.7 ಸೆಂಟಿಮೀಟರ್. ಮೊಬೈಲ್ ಕ್ಯಾಮೆರಾವನ್ನು ಮೇಜಿನಿಂದ ಅಷ್ಟೇ ಎತ್ತರದಲ್ಲಿ ಹಿಡಿದು, ಸ್ವಲ್ಪ ಹಿಂದೆ ಸರಿದು, ಜೂಮ್ ಮಾಡಿ ಫೋಟೊ ತೆಗೆಯಿರಿ. ಬೆಳಗಿನ ಬಿಸಿಲು ಒಂದೇ ಕಡೆಯಿಂದ ಬೀಳಲಿ. ಕಾರಿನ ಕೆಳಗೆ ಶಹಾಬಾದ್ ಫರ್ಸಿ ಕಲ್ಲಿನ ಒಂದು ತುಂಡು ಇಟ್ಟಿದ್ದೇನೆ. ಮನೆ ಕಟ್ಟುವವರ ಹತ್ತಿರ ಒಡೆದ ಚೂರು ಪುಕ್ಕಟೆ ಸಿಗುತ್ತದೆ. ಅದರ ಬೂದು ಬಣ್ಣದ ಮೇಲೆ ಹಳದಿ ಬೀಟಲ್ ಚೆನ್ನಾಗಿ ಕಾಣುತ್ತದೆ. ಬೇರೆ ಹೊತ್ತಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ಕಿಟಕಿಯಿಂದ ದೂರ ಇಡಿ. ಬಿಸಿಲಿಗೆ ಡಿಕಾಲ್ ಹಳದಿಯಾಗುತ್ತದೆ, ತೆಳು ಭಾಗಗಳು ಸೊಟ್ಟಗಾಗುತ್ತವೆ.

ಕಾಕಾ ಹೋದ ವಾರ ಮತ್ತೆ ಬಂದಿದ್ದರು. ಕನ್ನಡಕ ಹಣೆಗೇರಿಸಿ, ಮೇಜಿಗೆ ಗದ್ದ ಹಚ್ಚಿ ಬಹಳ ಹೊತ್ತು ನೋಡಿದರು. ಮಣ್ಣು ಒಪ್ಪಿಗೆಯಾಯಿತು. ಆಮೇಲೆ ನಂಬರ್ ಪ್ಲೇಟ್ ಕೇಳಿದರು. ಕಾರಿನ ಪ್ಲೇಟ್ 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರ, ಅಂದರೆ ನನಗೆ ಬೇಕಾದ್ದು 21 ಮಿ.ಮೀ. ಉದ್ದ, 5 ಮಿ.ಮೀ. ಎತ್ತರ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದರೆ ಆಯಿತು. ಕಲಬುರಗಿಯ ಕೆಎ 32 ಅಂತ ಬಿಳಿ ಬೋರ್ಡ್ ಮಾಡೋಣ ಅಂದೆ. ಅವರಿಗೆ ಟ್ಯಾಕ್ಸಿಯ ಹಳದಿ ಬೋರ್ಡೇ ಬೇಕಂತೆ.