ವಲಸಿಗರ ಹೊಣೆ ಯಾರಿಗೆ? ಸುಣ್ಣದ ಗೆರೆಯಲ್ಲಿ ಒಂದು ಪಾಠ

ಬಾಗಲಕೋಟೆಯ ಮಕ್ಕಳಿಗೆ ಮುಳುಗಡೆ ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಗಡಿ ದಾಟಿ ಬಂದವರ ಹೊಣೆಯನ್ನು ನೆರೆಯ ದೇಶಗಳು ಹಂಚಿಕೊಳ್ಳುವ ಬಗೆಯನ್ನು ಪುಸ್ತಕ ಹಿಡಿದು ಹೇಳಿದರೆ ಹತ್ತನೇ ತರಗತಿಯವರು ಆಕಳಿಸುತ್ತಾರೆ. ಅದಕ್ಕೇ ನಾನು ಆಡಿಸುತ್ತೇನೆ.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ಮನೆ ಬರೆಯಿರಿ. ಅಂಚಿಗೆ ಗ್ರೀಸ್, ಇಟಲಿ. ಹಿಂದೆ ಜರ್ಮನಿ, ಪೋಲೆಂಡ್. ವಲಸಿಗರ ಬದಲು ಕಾಳು ಇಡಬೇಡಿ. ಮೊದಲ ಸಲ ನಾನು ಶೇಂಗಾ ಇಟ್ಟಿದ್ದೆ, ಪಾಲು ಹಂಚುವಷ್ಟರಲ್ಲಿ ಅರ್ಧ ಖಾಲಿ. ಮನೆಗೆ ಇಬ್ಬರು ಯಜಮಾನರು, ಉಳಿದ ಮಕ್ಕಳೇ ವಲಸಿಗರು.

ಮೊದಲ ಆಟ ಡಬ್ಲಿನ್ ನಿಯಮದ್ದು, ಅಂದರೆ ಆಶ್ರಯ ಕೇಳಿ ಬಂದವರ ಅರ್ಜಿ ಯಾವ ದೇಶದ ಹೊಣೆ ಅನ್ನುವ ಐರೋಪ್ಯ ಒಕ್ಕೂಟದ ಕಾನೂನಿನದ್ದು. ವಲಸಿಗರ ಕುಟುಂಬದವರು ಒಕ್ಕೂಟದ ಬೇರೆ ದೇಶದಲ್ಲಿದ್ದರೆ ಲೆಕ್ಕ ಬೇರೆ. ಇಲ್ಲದಿದ್ದರೆ ಮೊದಲು ಕಾಲಿಟ್ಟ ದೇಶವೇ ಅರ್ಜಿ ವಿಚಾರಿಸಬೇಕು. ಐದೇ ನಿಮಿಷದಲ್ಲಿ ಗ್ರೀಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕೆಲವರು ಮೆಲ್ಲಗೆ ಜರ್ಮನಿಗೆ ಜಾರುತ್ತಾರೆ. ಗದರಿಸಬೇಡಿ, 2015ರಲ್ಲಿ ಆದದ್ದೂ ಅದೇ.

ಎರಡನೆಯ ಆಟಕ್ಕೆ ಹೆಚ್ಚು ಹೊತ್ತು ಕೊಡಿ. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿ, 2026ರ ಜೂನ್‌ನಿಂದ ಅನ್ವಯಿಸುವಂತೆ ಮಾಡಿದ ಕಾನೂನಿದು. ಪ್ರತಿ ದೇಶದ ಪಾಲನ್ನು ಅರ್ಧ ಜನಸಂಖ್ಯೆ, ಅರ್ಧ ಜಿಡಿಪಿ ನೋಡಿ ಗೊತ್ತುಮಾಡುತ್ತಾರೆ. ಆಮೇಲೆ ಮಂದಿಯನ್ನು ಕರೆದುಕೊಳ್ಳಬಹುದು, ಬೇಡವೆಂದರೆ ತಲೆಗೆ 20,000 ಯೂರೋ ಕೊಡಬಹುದು, ಇಲ್ಲವೇ ಸಿಬ್ಬಂದಿ, ಸಾಮಾನು ಕಳಿಸಬಹುದು. ಸುಮ್ಮನೆ ಕೂರುವಂತಿಲ್ಲ.

ಹೋದ ಸಲ ಪೋಲೆಂಡಿನ ಹುಡುಗ ತಕ್ಷಣ ಅಂದ: “ಸರ, ನಾವು ರೊಕ್ಕ ಕೊಡತೀವಿ, ಮಂದಿ ಬ್ಯಾಡ.” ಗ್ರೀಸಿನ ಹುಡುಗಿ ಬಿಡಲಿಲ್ಲ: “ರೊಕ್ಕ ಹಾಸಿಕೊಂಡು ಮಲಗಸೂದೇನು? ನಮ್ಮಲ್ಲಿ ಜಾಗಾನ ಇಲ್ಲ.” ಇಲ್ಲಿ ನೀವು ಬಾಯಿ ಹಾಕಬೇಡಿ, ಜಗಳಾಡಲಿ. ದುಡ್ಡಿನ ದಾರಿ ಇಡದಿದ್ದರೆ ಕೆಲವರು ಮಾತುಕತೆಗೇ ಬರುತ್ತಿರಲಿಲ್ಲ ಅನ್ನೋದು ನನಗೂ ಗೊತ್ತು. ಆದರೂ ಮನಸ್ಸು ಆ ಹುಡುಗಿಯ ಕಡೆಗೇ.

ಕೊನೆಗೆ ನಮ್ಮ ಅಜ್ಜನ ಹೆಸರಿಗೆ ಬಂದ ಹಳೆಯ ಲಕೋಟೆ ತೋರಿಸುತ್ತೇನೆ. 1971ರಲ್ಲಿ ಪೂರ್ವ ಬಂಗಾಳದಿಂದ ಭಾರತಕ್ಕೆ ಸುಮಾರು 1 ಕೋಟಿ ನಿರಾಶ್ರಿತರು ಬಂದರು. ಆ ನವೆಂಬರ್ 15ರಿಂದ ಲಕೋಟೆಗೆ 5 ಪೈಸೆಯ ನಿರಾಶ್ರಿತ ಪರಿಹಾರದ ಅಂಚೆಚೀಟಿಯನ್ನೂ ಹಚ್ಚಬೇಕಿತ್ತು. ಗಡಿ ಎಲ್ಲೋ, ಮುಧೋಳ ಎಲ್ಲೋ. ಪಾಲು ಮಾತ್ರ ಇಲ್ಲಿಗೂ ಬಂತು. ಇಂಥದ್ದು ನಿಮ್ಮ ಮನೆಯ ಹಳೇ ಟ್ರಂಕಿನಲ್ಲೂ ಇರಬಹುದು, ಹುಡುಕಿ.

ಮಕ್ಕಳ ಕೈಗೆ ಕೊಡುವ ಮುಂಚೆ ಪ್ಲಾಸ್ಟಿಕ್ ಹಾಳೆಯೊಳಗೆ ಇಡಿ. ಅಷ್ಟೊತ್ತಿಗೆ ಎಲ್ಲರ ಕೈಯೂ ಸುಣ್ಣ ಆಗಿರುತ್ತದೆ.