ಒಂದೇ ಫೈಲಿಗೆ ಎರಡು ಹೆಸರಿದ್ರೆ ಬ್ಯಾಕಪ್ ಹೆಂಗೆ ಮಾಡೋದು?

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲಿನಕ್ಸ್ ಕಂಪ್ಯೂಟರ್ ನೋಡ್ಕೊಳ್ಳೋದು ನಾನೇ. ತೂಕದ ಚೀಟಿ ಸ್ಕ್ಯಾನ್ ಮಾಡಿ ತಾರೀಖಿನ ಫೋಲ್ಡರಿಗೆ ಹಾಕ್ತೀವಿ, ಅದನ್ನೇ ಅಡಿಕೆ ಬಗೆ ಪ್ರಕಾರ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನೋ ಫೋಲ್ಡರಿಗೂ ಹಾರ್ಡ್ ಲಿಂಕ್ ಮಾಡಿಟ್ಟಿದ್ದೆ, ಹುಡುಕೋಕೆ ಸುಲಭ ಅಂತ. ಹೋದ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಡಿಸ್ಕ್ ಮೇಲೆ ನಂಬಿಕೆನೇ ಹೋಯ್ತು, ಎಲ್ಲಾ ಜಿಪ್ ಮಾಡಿ ಪೆನ್‌ಡ್ರೈವಿಗೆ ಹಾಕಣ ಅಂತ ಕೂತ್ರೆ ಜಾಗ ಸಾಲ್ತಿಲ್ಲ. ಡಿಸ್ಕಲ್ಲಿ ಇದ್ದಿದ್ದಕ್ಕಿಂತ ಜಿಪ್ಪೇ ದೊಡ್ಡದು!

ಹಾರ್ಡ್ ಲಿಂಕ್ ಅಂದ್ರೆ ಕಾಪಿ ಅಲ್ಲ, ಶಾರ್ಟ್‌ಕಟ್ಟೂ ಅಲ್ಲ. ಮನೇಲಿ ಮಾಣಿ, ರೇಷನ್ ಕಾರ್ಡಲ್ಲಿ ಗಣಪತಿ, ಆಳು ಒಬ್ಬನೇ. ಇಲ್ಲಿ ಆ ಆಳು ಅಂದ್ರೆ ಐನೋಡ್, ಡಿಸ್ಕಲ್ಲಿ ಪ್ರತಿ ಫೈಲಿಗೂ ಒಂದು ನಂಬರ್ ಕೊಟ್ಟು ಇಟ್ಟಿರೋ ದಾಖಲೆ.

ಮೊದಲು ಕೈಯಾರೆ ಮಾಡಿ ನೋಡಿ. ಹತ್ತು ಎಂಬಿ ಫೋಟೋ ಒಂದನ್ನ ಚೀಟಿ ಅಂತ ಇಟ್ಕಳಿ, ಟರ್ಮಿನಲ್ಲಲ್ಲಿ ‘ಎಲ್‌ಎನ್ ಚೀಟಿ ರಾಶಿ’ ಅಂತ ಕೊಡಿ, ಅದೇ ಫೈಲಿಗೆ ರಾಶಿ ಅನ್ನೋ ಎರಡನೇ ಹೆಸರು ಬರುತ್ತೆ, ಆಮೇಲೆ ‘ಎಲ್‌ಎಸ್ -ಎಲ್‌ಐ’. ಎರಡಕ್ಕೂ ಐನೋಡ್ ನಂಬರ್ ಒಂದೇ, ಪರ್ಮಿಷನ್ ಪಕ್ಕದಲ್ಲಿ 2 ಅಂತ ಇರುತ್ತೆ, ಅದು ಲಿಂಕ್ ಲೆಕ್ಕ.

ಈಗ ಟಾರ್ ಮಾಡಿ, ಅಂದ್ರೆ ಫೈಲುಗಳನ್ನೆಲ್ಲ ಒಂದೇ ಫೈಲಿಗೆ ಕಟ್ಟೋ ಕಮಾಂಡ್. ಹತ್ತು ಎಂಬಿ ಚಿಲ್ರೆ ಅಷ್ಟೇ ಆಗುತ್ತೆ. ‘ಟಾರ್ -ಟಿವಿಎಫ್’ ಕೊಟ್ರೆ ಎರಡನೇ ಹೆಸರಿನ ಸಾಲು ‘ಹೆಚ್’ ಅಕ್ಷರದಿಂದ ಶುರುವಾಗಿ, ಸೈಜ್ 0 ಅಂತ ತೋರ್ಸಿ, ಕೊನೆಗೆ ‘ಲಿಂಕ್ ಟು’ ಅಂತ ಮೊದಲನೇ ಹೆಸರು ಹೇಳುತ್ತೆ. ಮಾಲು, ಅಂದ್ರೆ ಫೈಲಿನ ಒಳಗಿನ ಡೇಟಾ, ಮೊದಲನೇ ಹೆಸರಿಗೆ ಮಾತ್ರ, ಎರಡನೇದಕ್ಕೆ ಬರೀ ‘ಅಲ್ಲಿ ನೋಡಿ’ ಅನ್ನೋ ಗುರುತು. ಇಲ್ಲೇ ಎಡವೋದು: ನಿಮಗೆ ರಾಶಿ ಒಂದೇ ಬೇಕು ಅಂತ ಖಾಲಿ ಫೋಲ್ಡರಲ್ಲಿ ಅದೊಂದನ್ನೇ ಬಿಚ್ಚಿದ್ರೆ, ಮೂಲದ ಹೆಸರು ಅಲ್ಲಿ ಇಲ್ವಲ್ಲ, ಲಿಂಕ್ ಮಾಡಕ್ಕಾಗಲ್ಲ ಅಂತ ಟಾರ್ ಬೈಯುತ್ತೆ. ಎರಡೂ ಹೆಸರು ಕೊಟ್ಟು ಬಿಚ್ಚಿ, ಸರಿಹೋಗುತ್ತೆ. ಅಥವಾ ಜಿಎನ್‌ಯು ಟಾರಲ್ಲಿ (ಲಿನಕ್ಸಲ್ಲಿ ಸಾಮಾನ್ಯವಾಗಿ ಇರೋದು ಇದೇ) ಕಟ್ಟುವಾಗಲೇ ‘--ಹಾರ್ಡ್-ಡಿರೆಫರೆನ್ಸ್’ ಹಾಕಿದ್ರೆ ಪ್ರತಿ ಹೆಸರಿಗೂ ಪೂರ್ತಿ ಮಾಲು ತುಂಬುತ್ತೆ, ಆದ್ರೆ ಜಾಗ ಡಬಲ್, ಬಿಚ್ಚಿದಾಗ ಫೈಲೂ ಬೇರೆ ಬೇರೆ.

ಸಿಪಿಐಒ ಅನ್ನೋದು ಟಾರ್ ಥರದ್ದೇ ಇನ್ನೊಂದು ಕಮಾಂಡ್, ಸ್ವಲ್ಪ ವಿಚಿತ್ರ. ‘ನ್ಯೂಸಿ’ ಫಾರ್ಮ್ಯಾಟಲ್ಲಿ ಮಾಲು ಕೊನೇ ಹೆಸರಿನ ಜೊತೆ ಹೋಗುತ್ತೆ, ಮುಂಚಿನವೆಲ್ಲ ಸೊನ್ನೆ ಸೈಜು, ಟಾರಿಗೆ ಪೂರ್ತಿ ಉಲ್ಟಾ. ಹಳೇ ಫಾರ್ಮ್ಯಾಟಲ್ಲಿ ಪ್ರತಿ ಹೆಸರಿಗೂ ಮಾಲು ತುಂಬುತ್ತೆ, ಆದ್ರೂ ಬಿಚ್ಚುವಾಗ ಐನೋಡ್ ನಂಬರ್ ನೋಡಿ ಮತ್ತೆ ಲಿಂಕ್ ಕಟ್ಟುತ್ತೆ. ಜಿಎನ್‌ಯು ಸಿಪಿಐಒಗೆ ಏನೂ ಹೇಳ್ದಿದ್ರೆ ಹಳೇದನ್ನೇ ಹಿಡ್ಕಳುತ್ತೆ, ಅದಕ್ಕೇ ‘-ಹೆಚ್ ನ್ಯೂಸಿ’ ಮರೀಬೇಡಿ, ದೊಡ್ಡ ಹೆಚ್.

ಜಿಪ್ಪಿಗೆ ಹಾರ್ಡ್ ಲಿಂಕ್ ಅನ್ನೋದೇ ಗೊತ್ತಿಲ್ಲ. ಎರಡು ಹೆಸರು, ಎರಡು ಕಾಪಿ, ಇಪ್ಪತ್ತು ಎಂಬಿ. ನಂಗೆ ಆಗಿದ್ದು ಇದೇ. ಜಾಗ ಹೋದ್ರೆ ಹೋಗ್ಲಿ, ವಾಪಸ್ ಬಿಚ್ಚಿದ ಮೇಲೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಕಾಣಲ್ಲ, ಅದು ತಲೆನೋವು.

ಹಿಂಗೆ ಕಟ್ಟಿದ ಆರ್ಕೈವ್ ಬೇಡ, ನೇರ ಇನ್ನೊಂದು ಡಿಸ್ಕಿಗೆ ಅಂದ್ರೆ ಕಾಪಿ ಮಾಡೋ ‘ಸಿಪಿ -ಎ’ ಸಾಕು, ಲಿಂಕ್ ಉಳಿಸುತ್ತೆ, ‘ಸಿಪಿ -ಆರ್’ ಉಳಿಸಲ್ಲ. ಕಾಪಿ ಮಾಡೋ ಇನ್ನೊಂದು ಕಮಾಂಡ್ ಆರ್‌ಸಿಂಕಲ್ಲಿ ‘-ಎ’ ಒಂದೇ ಸಾಲಲ್ಲ, ‘-ಎಹೆಚ್’ ಅಂತ ಕೊಡಿ, ಇಲ್ಲೂ ದೊಡ್ಡ ಹೆಚ್ಚೇ. ಲಿಂಕಿನ ಎರಡೂ ಹೆಸರು ಒಂದೇ ಸಲ ಹೋಗಬೇಕು, ತಾರೀಖಿನ ಫೋಲ್ಡರ್ ಇವತ್ತು ರಾಶಿ ಫೋಲ್ಡರ್ ನಾಳೆ ಅಂದ್ರೆ ಅದಕ್ಕೆ ಸಂಬಂಧ ಗೊತ್ತಾಗಲ್ಲ.

ಮಂಡೀಲಿ ಈಗ ಟಾರೇ. ಬಿಚ್ಚಿದ್ಮೇಲೆ ‘ಎಲ್‌ಎಸ್ -ಎಲ್‌ಐ’ಲಿ ಆ 2 ಇದೆಯಾ ಅಂತ ನೋಡ್ತೀನಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್ಮಲ್ಲಿ ಫಾರ್ಮ್ಯಾಟ್ ಆಗಿದ್ರೆ ಟಾರ್ ಫೈಲನ್ನ ಕಟ್ಟಿದ ಮೂಟೆ ಥರ ಹಂಗೇ ಇಟ್ಬಿಡಿ, ಆ ಫೈಲ್ ಸಿಸ್ಟಮ್ಮಿಗೆ ಹಾರ್ಡ್ ಲಿಂಕೇ ಬರಲ್ಲ, ಅಲ್ಲೇ ಬಿಚ್ಚಕ್ಕೆ ಹೋದ್ರೆ ಎರಡನೇ ಹೆಸರಿಗೆಲ್ಲ ಎರರ್ ಬರುತ್ತೆ.