ಬಸ್ಸು ಬದಲಿಸುವ ಊರಿನಲ್ಲಿ ಇಳಿದೆವು

2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಬಂದರೆ ಸ್ನಾನ, ಬರದಿದ್ದರೆ ಇಲ್ಲ. ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಎರಡನೇ ಮಹಡಿ. ಒಂದು ಸಂಜೆ ಇವರು ಕೆಳಗಿನ ಸಂಪಿನಿಂದ ಎರಡು ಬಕೆಟ್ ನೀರು ಹೊತ್ತು ತಂದು, ಕುರ್ಚಿಯಲ್ಲಿ ಕುಸಿದು ಕೂತು ಬೆವರು ಒರೆಸಿಕೊಂಡರು. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ. ನನ್ನ ಎದೆ ಧಸಕ್ಕೆಂದಿತು. ಊರು ಬಿಡುವ ಮಾತು ಆ ರಾತ್ರಿಯೇ ಶುರುವಾಯಿತು. ಆಗ ಇವರಿಗೆ 68, ನನಗೆ 63.

ಇವರು ದೂರವಾಣಿ ಇಲಾಖೆಯಲ್ಲಿದ್ದವರು, ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ಇಬ್ಬರೂ ತೀರ್ಥಹಳ್ಳಿ ಕಡೆಯವರು. ಹೋಗುವುದಾದರೆ ಎಲ್ಲಿಗೆ ಎಂದರೆ ಮೂರು ಉತ್ತರ ಸಿದ್ಧವಾಗಿದ್ದವು. ಮಗ ಡಲ್ಲಾಸ್‌ಗೆ ಕರೆಯುತ್ತಿದ್ದ. ಇವರ ಮನಸ್ಸು ಹುಟ್ಟಿದ ಮನೆಯಲ್ಲಿತ್ತು. ಗೊತ್ತಿದ್ದವರೆಲ್ಲ ಮೈಸೂರು ಅನ್ನುತ್ತಿದ್ದರು.

ಡಲ್ಲಾಸ್ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಎರಡು ಸಲ ಹೋಗಿ ಇದ್ದು ಬಂದಿದ್ದೆವು. ಸಂದರ್ಶಕರ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಅಲ್ಲಿಗೆಂದು ನಾವು ಮಾಡಿಸಿದ್ದ ವಿಮೆಯಲ್ಲಿ ಇವರ ಹೃದಯದ ಹಳೆಯ ತೊಂದರೆ ಸೇರಿರಲಿಲ್ಲ. ಮಗ ಸೊಸೆ ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಅಂಗಡಿಗೆ ಹೋಗಬೇಕಾದರೂ ಅವರ ಕಾರು, ಅವರ ಬಿಡುವು.

ಉಳಿದ ಎರಡಕ್ಕೆ ನಾವೇ ಒಂದು ಕಟ್ಟು ಹಾಕಿಕೊಂಡೆವು. ಯಾವ ಊರಾದರೂ ಅದರ ಕಷ್ಟದ ಕಾಲದಲ್ಲಿ ಹೋಗಿ ಒಂದು ತಿಂಗಳು ಇರಬೇಕು, ನೆಂಟರಾಗಿ ಅಲ್ಲ, ಅಡಿಗೆ ಮಾಡಿಕೊಂಡು, ಬಟ್ಟೆ ಒಗೆದುಕೊಂಡು. ದಸರಾದಲ್ಲಿ ಮೈಸೂರು ಯಾರಿಗೆ ಇಷ್ಟವಾಗುವುದಿಲ್ಲ? ಮಾರ್ಗಶಿರದಲ್ಲಿ ಮಲೆನಾಡು ಯಾರನ್ನು ಹಿಡಿದು ನಿಲ್ಲಿಸುವುದಿಲ್ಲ?

ಹಾಗಾಗಿ ಮೈಸೂರಿಗೆ ಏಪ್ರಿಲ್ ಕೊನೆಯಲ್ಲಿ ಹೋದೆವು. ಬಾಡಿಗೆ ಮನೆ, ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರ. ಬಿಸಿಲಿತ್ತು, ಆದರೂ ರಸ್ತೆಯುದ್ದಕ್ಕೂ ಮರಗಳಿದ್ದವು. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಅಲ್ಲೇ ಇದೆ. ನೆರೆಯವರು ಒಳ್ಳೆಯ ಜನ. ಆ ಊರಿನ ಮೇಲೆ ನನ್ನದು ಒಂದು ದೂರೂ ಇಲ್ಲ. ಆದರೆ ಆ ತಿಂಗಳಲ್ಲಿ ನಮ್ಮ ಕಡೆ ಎರಡು ಮದುವೆ, ಒಂದು ವೈಕುಂಠ ಸಮಾರಾಧನೆ ಬಂದವು. ಹೋಗಲು ಒಂದು ದಿನ, ಬರಲು ಒಂದು ದಿನ. ಮೂರರಲ್ಲಿ ಒಂದಕ್ಕೆ ಮಾತ್ರ ಹೋದೆವು. ಇನ್ನು ಹತ್ತು ವರ್ಷಕ್ಕೆ ಯಾವುದಕ್ಕೂ ಹೋಗಲಾಗುವುದಿಲ್ಲ, ಆಮೇಲೆ ಅವರೂ ಕರೆಯುವುದನ್ನು ಬಿಡುತ್ತಾರೆ ಅನ್ನಿಸಿತು.

ಊರಿಗೆ ಹೋದದ್ದು ಜುಲೈನಲ್ಲಿ, ಪುನರ್ವಸು ಮಳೆಗೆ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ಅದೇ ತಿಂಗಳು. ಮನೆ ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ 18 ಕಿಲೋಮೀಟರ್, ಡಾಂಬರು ಬಿಟ್ಟು ಒಳಗೆ ಇನ್ನೂ ನಾಲ್ಕು. ಭಾವ ಅಕ್ಕ ಇಬ್ಬರಿಗೂ ನಾವು ಬಂದದ್ದೇ ಹಬ್ಬ. ಭಾವ ತಮ್ಮನ ಚೀಲ ತಾವೇ ಇಳಿಸಿಕೊಂಡು, "ಈ ಮನೆ ನಿಂದೂ ಹೌದು ಮಾರಾಯ, ಆ ಕಡೆ ಕೋಣೆ ನಿಂಗೇ ಅಂತ ಇಟ್ಟಿದೀನಿ" ಅಂದರು. ಹೊಳವೇ ಇಲ್ಲದ ಮಳೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲಾಗದೆ ಕೊಳೆ ರೋಗದ ಚಿಂತೆ ಅವರಿಗೆ. ಇವರಿಗೋ, ಐವತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಬಚ್ಚಲೊಲೆಗೆ ಬೆಂಕಿ ಹಾಕುವುದು, ಜಗುಲಿಯಲ್ಲಿ ಕೂತು ಮಳೆ ನೋಡುವುದು. ಇಲ್ಲೇ ಇದ್ದುಬಿಡುತ್ತೇವೆ ಅಂತ ನಾನೂ ಅರ್ಧ ಒಪ್ಪಿದ್ದೆ.

ಹನ್ನೆರಡನೇ ದಿನ ಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತು. ಮರುರಾತ್ರಿ ಇವರಿಗೆ ಚಳಿಜ್ವರ. ಎದೆ ಬಿಗಿದಂತೆ ಆಗುತ್ತಿದೆ ಅಂದರು. ಫೋನಿಗೆ ಸಿಗ್ನಲ್ ಇಲ್ಲ. ಭಾವನ ಮಗ ಬ್ಯಾಟರಿ ಹಿಡಿದು ಹೋದವನು ವಾಪಸ್ ಬಂದು, ದಾರಿಗೆ ಅಡ್ಡ ಮರ ಬಿದ್ದಿದೆ, ಬೆಳಗಾಗದೆ ಕಡಿಯಲಾಗುವುದಿಲ್ಲ ಅಂದ. ದಾರಿ ತೆರೆದಿದ್ದರೂ ಕಾರು ಓಡಿಸಲು ಅವನೊಬ್ಬನೇ. ಆಂಜಿಯೋಪ್ಲಾಸ್ಟಿ ಮಾಡುವಂಥ ಆಸ್ಪತ್ರೆ ಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲವೇ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೆ. ನಾನು ರಾತ್ರಿಯಿಡೀ ಇವರ ಕೈ ಹಿಡಿದು ಕೂತಿದ್ದೆ. ಪುಣ್ಯಕ್ಕೆ ಅದು ಬರೀ ಜ್ವರ. ಬೆಳಿಗ್ಗೆ ಹತ್ತು ಜನ ಕತ್ತಿ ಕೊಡಲಿ ಹಿಡಿದು ಬಂದು ದಾರಿ ಬಿಡಿಸಿದರು. ಅಂಥ ಜನ ಬೆಂಗಳೂರಿನಲ್ಲಿ ಸಿಗುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವರು ಬಂದದ್ದು ಬೆಳಿಗ್ಗೆ.

ಇವರಿಗೆ ಹೇಗೆ ಹೇಳುವುದು? ಎರಡು ದಿನ ನಾನು ಸುಮ್ಮನಿದ್ದೆ. ಕೊನೆಗೆ ಇವರೇ ಕೇಳಿದರು: "ನಾನು ಹೋದ ಮೇಲೆ ನೀನು ಇಲ್ಲಿ ಇರ್ತೀಯಾ?" ಇಲ್ಲ ಅಂದೆ. ನನಗೆ ಕಾರು ಬಿಡಲು ಬರುವುದಿಲ್ಲ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಲು ಆಗುವುದಿಲ್ಲ, ಭಾವ ಅಕ್ಕನ ಕಾಲ ಮುಗಿದ ಮೇಲೆ ಆ ಮನೆಯಲ್ಲಿ ನನ್ನ ಮಾತಿಗೆ ಏನು ಜಾಗವಿರುತ್ತದೋ ತಿಳಿಯದು. ನಾನೂ ಅದನ್ನೇ ತಿರುಗಿಸಿ ಕೇಳಿದೆ: "ನಾನು ಮೊದಲು ಹೋದರೆ ನೀವು ಮೈಸೂರಲ್ಲಿ ಇರ್ತೀರಾ?" ಇವರು ಬಹಳ ಹೊತ್ತು ಏನೂ ಹೇಳಲಿಲ್ಲ. "ಯಾರ ಹತ್ತಿರ ಅಡಿಕೆ ಮಾತಾಡಲಿ?" ಅಂದರು.

ಅಲ್ಲಿಂದ ನಮ್ಮ ಹುಡುಕಾಟವೇ ಬೇರೆಯಾಯಿತು. ಅದುವರೆಗೆ ಇಬ್ಬರೂ ಸೇರಿ ಇರಲು ಒಂದು ಊರು ನೋಡುತ್ತಿದ್ದೆವು. ಈಗ ಇಬ್ಬರಲ್ಲಿ ಉಳಿಯುವವರಿಗೆ ಊರು ನೋಡತೊಡಗಿದೆವು. ಒಬ್ಬರ ಹಾಳೆ ಇನ್ನೊಬ್ಬರು ನೋಡದ ಹಾಗೆ, ಒಬ್ಬರೇ ಆದರೆ ಏನೇನು ಬೇಕು ಅಂತ ಬರೆದೆವು. ನನ್ನದರಲ್ಲಿ: ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಔಷಧಿ ಅಂಗಡಿ, ತರಕಾರಿ, ಬಸ್ಸು, ಪುಸ್ತಕ, ಭಾಷಣ, ಗಮಕ, ರಾತ್ರಿ ಕರೆದರೆ ಬರುವ ಆಟೊ. ಇವರದರಲ್ಲಿ: ಊಟಕ್ಕೆ ಒಂದು ಒಳ್ಳೆಯ ಮೆಸ್, ಹೊಳೆ, ನಮ್ಮ ಕಡೆ ಮಾತಾಡುವ ಜನ, ಮನೆಗೆ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಇಷ್ಟು ವರ್ಷ ಇವರೊಬ್ಬರೇ ಇದ್ದರೆ ಏನು ತಿನ್ನುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಎರಡು ಹಾಳೆ ಒಟ್ಟಿಗೆ ಇಟ್ಟಾಗ ಶಿವಮೊಗ್ಗ ಕಾಣಿಸಿತು. ನಲವತ್ತು ವರ್ಷ ನಮಗೆ ಅದು ಬಸ್ಸು ಬದಲಿಸುವ ಊರು. ಬೆಂಗಳೂರಿನಿಂದ ಬಂದು ಇಳಿದು, ಕಾಫಿ ಕುಡಿದು, ತೀರ್ಥಹಳ್ಳಿ ಬಸ್ಸು ಹತ್ತುವ ಜಾಗ. ಅಲ್ಲಿ ಒಂದು ರಾತ್ರಿ ಕಳೆದದ್ದೂ ನೆನಪಿಲ್ಲ. ಆದರೆ ತುಂಗೆ ಅಲ್ಲೇ ಹರಿಯುತ್ತಾಳೆ. ಮೆಗ್ಗಾನ್ ಆಸ್ಪತ್ರೆ, ಮೆಡಿಕಲ್ ಕಾಲೇಜು ಇವೆ. ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. ಬೆಂಗಳೂರಿಗೆ ರೈಲಿನಲ್ಲಿ ಸುಮಾರು ಐದು ಗಂಟೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯವರು ಒಂದಲ್ಲ ಒಂದು ಕೆಲಸಕ್ಕೆ ಇಲ್ಲಿಗೆ ಬಂದೇ ಬರುತ್ತಾರೆ, ಆಸ್ಪತ್ರೆಗೆ, ಅಡಿಕೆ ಮಂಡಿಗೆ, ಮದುವೆ ಜವಳಿಗೆ. ನಾವು ಅವರನ್ನು ಹುಡುಕಿಕೊಂಡು ಹೋಗಲಾರದ ಕಾಲದಲ್ಲೂ ಅವರು ನಮ್ಮ ಬಾಗಿಲಿಗೆ ಬರುತ್ತಾರೆ.

2025ರ ಜನವರಿಯಲ್ಲಿ ವಿನೋಬನಗರದಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಬೆಂಗಳೂರಿನ ಮನೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು. ಅಲ್ಲಿ 24,000 ಬರುತ್ತದೆ, ಇಲ್ಲಿ 11,000 ಕೊಡುತ್ತೇವೆ. ಮಾರಿ ತಕ್ಷಣ ಇಲ್ಲೊಂದು ಕೊಳ್ಳಿ ಎಂದು ಒತ್ತಾಯಿಸಿದವರು ಬಹಳ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಹಳೆಯ ಮನೆ ಮಾರಿದ ಮೇಲೂ ಇನ್ನೊಂದು ಮನೆ ಕೊಳ್ಳಲು ಎರಡು ವರ್ಷ ಕಾಲಾವಕಾಶವಿದೆ, ಲಾಭದ ಹಣವನ್ನು ಗಡುವಿನೊಳಗೆ ಅದಕ್ಕೆಂದೇ ಇರುವ ಬ್ಯಾಂಕ್ ಖಾತೆಯಲ್ಲಿಟ್ಟರೆ ಅದರ ಮೇಲಿನ ತೆರಿಗೆ ವಿನಾಯಿತಿ ಕೈತಪ್ಪುವುದಿಲ್ಲ. ಪಿಂಚಣಿಗೂ ತೊಂದರೆಯಾಗಲಿಲ್ಲ. ಬ್ಯಾಂಕಿನ ಶಾಖೆ ಬದಲಿಸದೆಯೇ ನವೆಂಬರ್‌ನಲ್ಲಿ ಇವರ ಜೀವನ್ ಪ್ರಮಾಣ್, ಅಂದರೆ ಬದುಕಿದ್ದಾರೆಂಬ ಪ್ರಮಾಣಪತ್ರ, ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಯಿತು.

ಬಾಡಿಗೆಗೆ ಇದ್ದದ್ದರ ಬೆಲೆ ತಿಳಿದದ್ದು ನಾಲ್ಕೇ ತಿಂಗಳಲ್ಲಿ. ಆ ಮನೆ ಗಾಳಿ ಬೆಳಕು ಚೆನ್ನಾಗಿದ್ದ ಮೊದಲ ಮಹಡಿ, ಹದಿನೇಳು ಮೆಟ್ಟಿಲು. ನನ್ನ ಮೊಣಕಾಲು ಏಪ್ರಿಲ್‌ಗೇ ಸೋತಿತು. ಮೂರು ಬೀದಿ ಆಚೆ ನೆಲಮಹಡಿಗೆ ಬಂದೆವು. ಕೊಂಡಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆವು. ಇಲ್ಲಿಯ ಬೇಸಿಗೆ ನಮಗೆ ಕಷ್ಟ, ಸೊಳ್ಳೆ ಹೆಚ್ಚು. ಅದನ್ನು ಬಚ್ಚಿಡುವುದಿಲ್ಲ.

ಇವರು ವಾರದಲ್ಲಿ ಎರಡು ದಿನ ಬೆಳಿಗ್ಗೆ ಎಪಿಎಂಸಿ ಕಡೆ ಹೋಗಿ, ಮಾರಲು ಬಂದ ಬೆಳೆಗಾರರ ಜೊತೆ ರಾಶಿ ಇಡಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆ ಮಾತಾಡಿ ಬರುತ್ತಾರೆ. ನಾನು ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋಗುತ್ತೇನೆ, ಒಬ್ಬಳೇ, ಆಟೊದಲ್ಲಿ. ಊರಿಗೂ ಒಬ್ಬಳೇ ಹೋಗಿ ಬರುತ್ತೇನೆ, ಸರ್ಕಾರಿ ಬಸ್ಸು ಸಿಕ್ಕರೆ ಶಕ್ತಿ ಯೋಜನೆಯಲ್ಲಿ ಹಣವೂ ಬೇಕಿಲ್ಲ. ತಿಂಗಳಿಗೊಮ್ಮೆ ಒಂದು ವಾರ ಬೇಕೆಂದೇ ಅಡಿಗೆ ಮಾಡುವುದಿಲ್ಲ. ಆ ವಾರ ಇವರು ಬೆಳಗಿನ ತಿಂಡಿ ತಾವೇ ಮಾಡುತ್ತಾರೆ, ಮಧ್ಯಾಹ್ನ ಹತ್ತಿರದ ಮೆಸ್ಸಿನಲ್ಲಿ ಊಟ. ಉಪ್ಪಿಟ್ಟು, ತಂಬುಳಿ ಈಗ ಚೆನ್ನಾಗಿ ಬರುತ್ತದೆ.

ಹುಟ್ಟಿದ ಮನೆಯ ಕೋಣೆ ಖಾಲಿಯೇ ಇದೆ. ಚಳಿಗಾಲದಲ್ಲಿ ಅಡಿಕೆ ಕೊನೆಕೊಯ್ಲಿಗೆ ಹೋಗಿ ಹದಿನೈದು ದಿನ ಇರುತ್ತೇವೆ. ವಾಪಸ್ ಹೊರಡುವ ದಿನ ಇವರು ಅಂಗಳ ದಾಟುವಾಗ ತಿರುಗಿ ನೋಡುವುದಿಲ್ಲ. ನಾನೂ ಮಾತಾಡಿಸುವುದಿಲ್ಲ.

ಈಗ ಕೊಳ್ಳಲು ಮನೆ ನೋಡುತ್ತಿದ್ದೇವೆ, ಅವಸರವಿಲ್ಲ. ನೆಲಮಹಡಿಯೇ ಆಗಬೇಕು, ಬಾಗಿಲಿಗೆ ಆಂಬ್ಯುಲೆನ್ಸ್ ಬರುವಷ್ಟು ರಸ್ತೆ ಬೇಕು. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ತಳ್ಳಿ ತೆರೆಯಲಾಗುವುದಿಲ್ಲ. ಇಬ್ಬರ ಹೆಸರಿಗೂ ನೋಂದಣಿ ಆಗಬೇಕೆಂದು ಇವರೇ ಹೇಳಿದ್ದಾರೆ. ಹೋದ ವಾರ ನೋಡಿದ ಮನೆ ಎಲ್ಲ ರೀತಿಯಲ್ಲೂ ಸರಿಯಿತ್ತು, ಆದರೆ ಔಷಧಿ ಅಂಗಡಿಗೆ ನನ್ನ ನಡಿಗೆಯಲ್ಲಿ ಇಪ್ಪತ್ತೆರಡು ನಿಮಿಷ. ಬೇಡವೆಂದು ಹೇಳಿ ಕಳಿಸಿದೆವು.